ಹೆಬ್ಬೆರಳಿನ ಗುರುತು ಹಿಡಿದು

ಕಾಯುವ ವಿದ್ಯೆ ನನಗೆ ಹುಟ್ಟಿದಾಗಿನಿಂದ ಬರಲಿಲ್ಲ. ಮೊನ್ನೆ ಉದಯಗಿರಿಯಲ್ಲಿ ನಾನು ಕೂತಿದ್ದ ಆಟೋ ಪಂಕ್ಚರ್ ಆಯಿತು. ಡ್ರೈವರು ಚಕ್ರ ಬಿಚ್ಚಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾ, "ಕೂತ್ಕಳಿ ಅಜ್ಜಿ, ಐದೇ ನಿಮಿಷ" ಅಂದ. ಅವನ ಐದು ನಿಮಿಷ ಎಷ್ಟು ಉದ್ದ ಅನ್ನುವುದು ಎಂಬತ್ತು ಮುಟ್ಟಿದವಳಿಗೆ ಗೊತ್ತಿಲ್ಲವೇ? ಮೂರು ಸಲ ಇಳಿದೆ, ಮೂರು ಸಲ ಹತ್ತಿದೆ. ಕೊನೆಗೆ ಅಂಗಡಿಯ ಮುಂದೆಯೇ ಹೋಗಿ ನಿಂತೆ. ಅಂಗಡಿಯವನು ಟ್ಯೂಬು ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲಿ ಎಂದು ಬಾಯಿಂದ ಊದುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಹೆಜ್ಜೆ ಹಿಂದೆ ಸರಿದೆ. ಅರವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಇದೇ ಸಲ್ಯೂಷನ್ ಒಣಗುವ ತನಕ ನಾನು ಸುಮ್ಮನೆ ಕಾದಿದ್ದರೆ ಆಗುತ್ತಿತ್ತು. ನಾನು ಕಾಯಲಿಲ್ಲ.

ನಯಾಪೈಸೆ ಹೊಸದಾಗಿ ಬಂದ ವರ್ಷದ ಬೇಸಿಗೆ ಅದು. ಏಪ್ರಿಲ್ ಕಳೆದರೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ನಮ್ಮ ಒಂಟಿಕೊಪ್ಪಲಿನ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ನಾಯಿ ಕೂಡ ಚರಂಡಿಯ ತಂಪು ಬಿಟ್ಟು ಏಳುತ್ತಿರಲಿಲ್ಲ. ನಾನೂ ಜಯಳೂ ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆವು. ಜಯ ನಮ್ಮ ಮನೆಯಿಂದ ಮೂರನೇ ಮನೆಯ ಓವರ್ಸಿಯರ್ ಪುಟ್ಟೇಗೌಡರ ಮಗಳು. ನನ್ನ ಓದು ಹಾಗೂ ಹೀಗೂ ಪಾಸಾಗುವ ಓದು. ಅವಳದು ನಿಜವಾದ ಓದು. ದಾರಿಯಲ್ಲಿ ಹೋಗುವಾಗ ಯಾರದೋ ಬೇಲಿಯ ಎಲೆ ಕಿತ್ತು, ಮಗುಚಿ, ನರ ಹೇಗೆ ಕವಲೊಡೆದಿದೆ ಎಂದು ನೋಡುತ್ತಾ ನಿಂತುಬಿಡುವಳು. ನಾನು ಅವಳ ತೋಳು ಹಿಡಿದು ಎಳೆಯಬೇಕಾಗಿತ್ತು. ಡಿಗ್ರಿ ಮುಗಿಸಿ ಬಾಟನಿ ಪಾಠ ಹೇಳಬೇಕು, ಅಷ್ಟೇ ಅವಳ ಆಸೆ. ಇನ್ನೊಂದೇ ವರ್ಷ ಬಾಕಿ ಇತ್ತು. ಅಷ್ಟರಲ್ಲಿ ಮದುವೆ ಗೊತ್ತಾಯಿತು.

ಗಂಡು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ಮನೆತನದ ಕಿರಿಯ ಮಗ, ಶಿವಣ್ಣ. ತಂದೆ ತೀರಿಹೋಗಿದ್ದರು, ಅಣ್ಣನೇ ಯಜಮಾನರು. ಹುಡುಗನಿಗೆ ಇಪ್ಪತ್ತಾರು, ಇಂಟರ್ ಪಾಸು, ಬಲು ಸಾಧು ಎಂದು ಸಂಬಂಧ ತಂದ ನೆಂಟರು ಹೇಳಿದ್ದರು. ಅಣ್ಣನ ವಿಷಯ ಯಾರೂ ಹೇಳಬೇಕಾಗಿರಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರ ಮಗಳು ಮೆಹರ್ ನಮ್ಮ ಕ್ಲಾಸಿನವಳೇ. ಅವರ ಅಂಗಡಿಗೆ ಗಾಳಿ ಹೊಡೆಸಲು ಬರುವ ಹಮಾಲಿಗಳ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. "ದೊಡ್ಡಗೌಡ್ರು ಕೆಮ್ಮಿದ್ರೆ ತಕ್ಕಡಿ ಅಲ್ಲಾಡೋದು ನಿಲ್ಲುತ್ತಂತೆ ಕಣ್ರೇ. ಆ ಮನೆ ಹೆಂಗಸ್ರು ಹಬ್ಬದ ಸೀರೆ ಬಣ್ಣಾನೂ ಅವರನ್ನೇ ಕೇಳ್ಬೇಕಂತೆ" ಅಂದಿದ್ದಳು. ಮೆಹರ್ ಆ ಅಣ್ಣತಮ್ಮಂದಿರನ್ನು ಕಂಡವಳಲ್ಲ. ಹೆಣ್ಣುಮಕ್ಕಳು ಮಂಡಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಜಯ ಕೂಡ ಗಂಡನ್ನು ಕಂಡಿರಲಿಲ್ಲ. ನೋಡುವ ಶಾಸ್ತ್ರ ಆಗಿತ್ತು, ಆದರೆ ನೋಡಿದವರು ಅವರು. "ತಲೆ ಎತ್ತಿದ್ರೆ ಹುಡುಗಿ ಜೋರು ಅಂದ್ಕೋತಾರೆ" ಎಂದು ಅವಳ ಅಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದರಂತೆ. ಹೀಗಾಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೋದವಳಿಗೆ ಕಂಡದ್ದು ಕುರ್ಚಿಗಳ ಕೆಳಗಿನ ಕಾಲುಗಳು ಮಾತ್ರ.

"ನಡೂ ಕುರ್ಚೀಲಿ ಕೂತಿದ್ದೋರ ಎಡಗಾಲಿನ ಹೆಬ್ಬೆರಳು ನೋಡ್ದೆ ಕಣೇ. ಉಗುರು ಪೂರ್ತಿ ಕಪ್ಪಗಾಗಿತ್ತು. ಏನೋ ಭಾರವಾದ್ದು ಬಿದ್ದಿರ್ಬೇಕು, ಪಾಪ" ಅಂದಳು ಜಯ.

"ಅಯ್ಯೋ ಮಹರಾಯ್ತಿ, ಮುಖ ಬಿಟ್ಟು ಉಗುರು ನೋಡ್ಕೊಂಡು ಬಂದ್ಯಾ?" ಎಂದು ನಾನು ತಲೆ ಚಚ್ಚಿಕೊಂಡೆ.

ಅವಳಿಗೆ ಮುಖದ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದ ಒಂದು ಕಾಗದದ್ದು. ಮೂರನೆಯ ವರ್ಷಕ್ಕೆ ಸೇರಲು ಕಾಲೇಜಿನಿಂದ ತಂದ ಫಾರಂ ಅದು. ಕೆಳಗೆ ಪೋಷಕರ ಸಹಿಗೆ ಒಂದು ಗೆರೆ. ಅದನ್ನು ಅಪ್ಪನ ಮುಂದೆ ಹಿಡಿದಾಗ ಅವರು ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲವಂತೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮ. ಜೂನ್ ಹೊತ್ಗೆ ನೀನು ಅವರ ಮನೆಯೋಳು. ನಾನು ಸಹಿ ಹಾಕಿದ್ರೆ ಅವರಿಗೆ ಎದುರು ನಿಂತ ಹಾಗಾಗುತ್ತೆ" ಅಂದರು. ಹಾಗಾದರೆ ಅವರನ್ನೇ ಒಂದು ಮಾತು ಕೇಳಿ ಎಂದರೆ, ಮದುವೆಗೆ ಮುಂಚೆ ಅಂಥ ಮಾತು ಎತ್ತಿದರೆ ಸಂಬಂಧ ಮುರಿದೀತು ಎಂದು ಅಮ್ಮ ಅಳು ತೆಗೆದರು. ಜಯ ಹಟ ಮಾಡುವವಳಲ್ಲ. ಫಾರಂ ಮಡಿಸಿ ಇಟ್ಟಳು. ಆದರೆ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದಳು. ನೋಡಿ ನೋಡಿ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು.

"ಗಂಡಿನ ಹತ್ರಾನೇ ಹೋಗಿ ಸಹಿ ಹಾಕಿಸ್ಕೊಂಡು ಬಂದ್ಬಿಡೋಣ ನಡಿ" ಅಂದವಳು ನಾನೇ. ಒಂದು ಸಲ ಬಾಯಿಂದ ಬಿದ್ದ ಮೇಲೆ ನನಗೆ ನಿದ್ದೆ ಇಲ್ಲ, ಊಟ ಇಲ್ಲ. ಮೆಹರ್ ಹಮಾಲಿಗಳಿಂದ ಸಮಯ ತಿಳಿದುಕೊಂಡು ಬಂದಳು. ದೊಡ್ಡಗೌಡರು ಹನ್ನೆರಡಕ್ಕೆ ಸರಿಯಾಗಿ ಊಟಕ್ಕೆ ಮನೆಗೆ ಹೋಗುತ್ತಾರೆ, ಆಗ ಮಂಡಿಯಲ್ಲಿ ಶಿವಣ್ಣ ಒಬ್ಬರೇ ಇರುತ್ತಾರೆ. ಇನ್ನು ಎರಡು ದಿನಕ್ಕೆ ಚಪ್ಪರ; ಚಪ್ಪರ ಹಾಕಿದ ಮೇಲೆ ಮದುವೆ ಹೆಣ್ಣು ಹೊಸಲು ದಾಟುವ ಹಾಗಿಲ್ಲ. ನಾನು ಜಯಳ ಅಮ್ಮನ ಮುಂದೆ ಕೂತು ಗೋಗರೆದೆ. "ಗೆಳತೀರೆಲ್ಲ ಸೇರಿ ಕುಕ್ಕರಹಳ್ಳಿ ಕೆರೆ ತನಕ ಸೈಕಲ್‌ನಲ್ಲಿ ಹೋಗ್ಬರ್ತೀವಿ ಅಮ್ಮ. ಇನ್ಮೇಲೆ ಎಲ್ಲಿ ಸಿಗ್ತಾಳೆ ನಮಗೆ?"

"ಬಿದ್ದು ಮುಖ ಮೂತಿ ಒಡ್ಕೊಂಡ್ರೆ ಧಾರೇಲಿ ಏನೇ ತೋರ್ಸೋದು?" ಎಂದು ಬೈದರು. ಕೊನೆಗೆ, "ಹನ್ನೆರಡೂವರೆಗೆ ಮನೇಲಿರ್ಬೇಕು" ಅಂದರು.

ಮೆಹರಳ ತಂದೆಯ ಅಂಗಡಿಯಲ್ಲಿ ಲೇಡೀಸ್ ಸೈಕಲ್ ಇದ್ದದ್ದು ಎರಡೇ. ಮೂರನೆಯದನ್ನು ಅವರು ಇನ್ನೊಂದು ಅಂಗಡಿಯಿಂದ ತರಿಸಿಟ್ಟಿದ್ದರು. ನಾವು ನಾಲ್ವರು, ಸೈಕಲ್ ಕಲಿಯದ ನಮ್ಮ ಕ್ಲಾಸಿನ ಲಲಿತ ನನ್ನ ಹಿಂದೆ ಕ್ಯಾರಿಯರ್ ಮೇಲೆ. ಅವಳ ಭಾರಕ್ಕೆ ಹಿಂದಿನ ಚಕ್ರ ಹಪ್ಪಳವಾಗುತ್ತದೆ ಎಂದು ನಾನು ಬೈದರೆ, "ನಿನ್ನ ಬಾಯಿಗಿಂತ ನನ್ನ ಮೈಯೇ ಹಗುರ ಕಣೇ" ಅಂದಳು. ಡಬಲ್ ರೈಡ್ ಎಂದು ಪೊಲೀಸಿನವನು ಹಿಡಿದಾನು ಎಂದು ಸರ್ಕಲ್ ಬಂದಾಗಲೆಲ್ಲ ಇಳಿದು ಓಡೋಡಿ ಬಂದು ಮತ್ತೆ ಹತ್ತುತ್ತಿದ್ದಳು. ಸೀರೆ ಚೈನಿಗೆ ಸಿಗದಂತೆ ಎತ್ತಿ ಸಿಕ್ಕಿಸಿಕೊಂಡು, ರೈಲ್ವೆ ಸ್ಟೇಷನ್ ದಾಟಿ, ಕೆರೆಯ ಏರಿ ಹತ್ತುವ ಹೊತ್ತಿಗೆ ಬಿಸಿಲು ಕಾದಿತ್ತು. ಜಯ ನಮಗಿಂತ ಮುಂದೆ ಹೋಗುತ್ತಿದ್ದಳು. ಅಷ್ಟು ಜೋರಾಗಿ ಅವಳು ತುಳಿದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಏರಿಯ ಮೇಲೆ ಎಲ್ಲರೂ ಇಳಿದು ಚಕ್ಕುಲಿ ತಿಂದರು. ಜಯ ತಿನ್ನಲಿಲ್ಲ. ಫಾರಂ ಅವಳ ರವಿಕೆಯೊಳಗಿತ್ತು, ಬೆವರಿಗೆ ನೆನೆದೀತು ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನಂತೂ ಗಂಟೆ ಎಷ್ಟು ಎಂದು ಹೋಗಿ ಬರುವವರನ್ನೆಲ್ಲ ಕೇಳಿದೆ.

ಹಿಂದಿರುಗುವಾಗ ಸ್ಟೇಷನ್ ಹತ್ತಿರ ಮೆಹರಳ ಸೈಕಲ್ ಪಂಕ್ಚರ್ ಆಯಿತು. ಅವಳೇನು ಗಾಬರಿಯಾಗಲಿಲ್ಲ. ಸೈಕಲ್ ಅಂಗಡಿಯವರ ಮಗಳು, ಸೀಟಿನ ಕೆಳಗಿನ ಚೀಲದಲ್ಲಿ ಸಾಮಾನೆಲ್ಲ ಇಟ್ಟುಕೊಂಡೇ ಬಂದಿದ್ದಳು. ಬೀದಿನಲ್ಲಿಯ ಪಕ್ಕ ಸೈಕಲ್ ಮಗುಚಿ, ಟಯರ್ ಬಿಚ್ಚಿ, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿದಳು. ಹೋಗುವವರೆಲ್ಲ ನಿಂತು ನೋಡಿದರು. ಸಲ್ಯೂಷನ್ ಹಚ್ಚಿ, "ಇದು ಒಣಗ್ಬೇಕು. ಆಮೇಲೆ ಒಟ್ಟಿಗೆ ಹೋಗೋಣ, ಹನ್ನೆರಡಕ್ಕೆ ಇನ್ನೂ ಬೇಕಾದಷ್ಟು ಟೈಮ್ ಇದೆ" ಅಂದಳು.

ಆ ವಾಸನೆ, ಆ ಬಿಸಿಲು, ಆ ಟ್ಯೂಬಿನ ಮೇಲೆ ಊದುತ್ತಾ ಕೂತ ಅವಳ ತಾಳ್ಮೆ! ನನಗೆ ತಡೆಯಲಾಗಲಿಲ್ಲ. "ನಾವು ಮುಂದೆ ಹೋಗಿ ಮಂಡಿ ಎದುರಿಗೆ ನಿಂತಿರ್ತೀವಿ" ಎಂದು ಲಲಿತಳನ್ನು ಮೆಹರಳ ಜೊತೆ ಬಿಟ್ಟು, ಜಯಳನ್ನು ಹೊರಡಿಸಿಕೊಂಡು ಹೊರಟೇಬಿಟ್ಟೆ. "ಏ ನಾಗು, ಹನ್ನೆರಡು ಹೊಡೆಯೋವರ್ಗೂ ಒಳಗ್ ಹೋಗ್ಬೇಡ್ರೇ" ಎಂದು ಮೆಹರ್ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಮಂಡಿಯ ಬೀದಿಯಲ್ಲಿ ಗಾಡಿಗಳ ಸಾಲು. ಬೆಲ್ಲದ ಅಚ್ಚುಗಳ ವಾಸನೆಗೆ ಕಣಜ ಮುತ್ತಿದ್ದವು. ನಾವು ಎದುರಿನ ಜಗಲಿಯ ನೆರಳಿನಲ್ಲಿ ನಿಂತೆವು. ಐದು ನಿಮಿಷವೂ ಆಗಿರಲಿಲ್ಲ, ರುಮಾಲು ಸುತ್ತಿ, ಛತ್ರಿ ಹಿಡಿದ ಒಬ್ಬ ದಪ್ಪ ಮೀಸೆಯ ಗೌಡರು ಮಂಡಿಯಿಂದ ಹೊರಬಂದು ಜಟಕಾ ಹತ್ತಿ ಹೋದರು. "ಹೋದ ನೋಡೇ ದೊಡ್ಡಗೌಡ! ಇವತ್ತು ಬೇಗ ಹಸಿವಾಗಿದೆ" ಅಂದೆ. ಮೆಹರಳಿಗೆ ಕಾಯೋಣ ಎಂದಳು ಜಯ. ಅಷ್ಟರಲ್ಲಿ ನಾನು ರಸ್ತೆ ದಾಟಿ ಬಾಗಿಲಿಂದ ಇಣುಕಿಯಾಗಿತ್ತು. ಒಳಗೆ ತಕ್ಕಡಿಯ ಪಕ್ಕದ ಹಲಗೆಯ ಮೇಲೆ ಒಬ್ಬರು ಒಂದು ಕಾಲು ಇಳಿಬಿಟ್ಟು ಕೂತಿದ್ದರು. ಎಡಗಾಲು. ಹೆಬ್ಬೆರಳಿನ ಉಗುರು ಕಪ್ಪಗಿತ್ತು.

"ಸಿಕ್ಕಿದ್ರು ಬಾ" ಎಂದು ಜಯಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದೆ. ಬೆರಳು ನೋಡಿ ಆಯಿತು, ಆಮೇಲೆ ಮುಖ ನೋಡಿದೆ. ಮುಂದಲೆ ಬೋಳಾಗಿತ್ತು, ಮೀಸೆಯಲ್ಲಿ ಬಿಳಿ ಇಣುಕಿತ್ತು. ನಲವತ್ತಕ್ಕೆ ಕಡಿಮೆ ಇಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಇಪ್ಪತ್ತಾರು ಅನ್ನುವುದೂ ಆ ಸಾವಿರದಲ್ಲಿ ಒಂದು ಅಂದುಕೊಂಡೆ. ಜಯಳ ಕೈ ನನ್ನ ಕೈಯಲ್ಲಿ ಸೆಟೆದುಕೊಂಡಿತು. ಅವಳು ಆಗ ತಲೆ ಎತ್ತಿ ನೋಡುತ್ತಿದ್ದಳು, ಜೀವನದಲ್ಲಿ ಮೊದಲ ಸಲ, ತನ್ನ ಗಂಡನಾಗುವವನನ್ನು.

ಅವರೇ ಎದ್ದು ನಿಂತರು. "ಇದೇನವ್ವ, ಓವರ್ಸಿಯರ್ ಮಗಳಲ್ವಾ ನೀನು? ಮದ್ವೆ ಎಣ್ಣು, ಇಂಗೆ ಬಿಸ್ಲಲ್ಲಿ ಬಂದಿದ್ದೀಯಲ್ಲ, ಮನೇಲಿ ಎಲ್ಲಾ ಸಂದಾಗವ್ರಾ?"

ಜಯ ಬಾಯಿ ತೆರೆಯುವ ಮೊದಲೇ ನನ್ನ ಮಾತು ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಇವಳು ಕ್ಲಾಸಿಗೇ ಮೊದಲು, ಇನ್ನೊಂದೇ ವರ್ಷ ಬಾಕಿ, ಫಾರಂಗೆ ಸಹಿ ಬೇಕು, ಅಪ್ಪ ಹಾಕುತ್ತಿಲ್ಲ, ನೀವು ಹಾಕಬೇಕು ಎಂದೆಲ್ಲ ಒಂದೇ ಉಸಿರಿಗೆ ಒದರಿದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಸಾಕಿತ್ತು. "ನಿಮ್ಮಣ್ಣನವರಿಗೆ ಹೆದರ್ಕೊಂಡು ಆಗಲ್ಲ ಅನ್ಬೇಡಿ. ಅವರ ವಿಷಯ ಎಲ್ಲಾ ಗೊತ್ತು ನಮಗೆ. ಮನೆ ಹೆಂಗಸರ ಸೀರೆ ಬಣ್ಣಾನೂ ಅವರೇ ಹೇಳ್ಬೇಕಂತೆ. ಅಂಥ ಮುದಿ ಗೂಬೇನ ಕೇಳ್ತಾ ಕೂತ್ರೆ ಇವಳು ಓದಿದ ಹಾಗೇ!"

ತಕ್ಕಡಿಯವನು ಕಿಸಕ್ಕನೆ ನಕ್ಕ. ಅವರು ಅವನ ಕಡೆ ಒಮ್ಮೆ ತಿರುಗಿದರು, ಅವನ ನಗು ಅಲ್ಲೇ ಬತ್ತಿಹೋಯಿತು. ಆಗಲೂ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಅವರು ಕೈ ಚಾಚಿ ಫಾರಂ ಇಸಿದುಕೊಂಡರು. ತಿರುಗಿಸಿ ಮುರುಗಿಸಿ ನೋಡಿ, ಜಯಳಿಗೇ ವಾಪಸು ಕೊಟ್ಟು, "ಇಂಗ್ಲೀಷ್ನಲ್ಲಿ ಅದೆ. ನೀನೇ ಓದವ್ವ. ಓದಿ ಅರ್ಥ ಯೋಳು" ಅಂದರು. ಇಂಟರ್ ಪಾಸು ಅನ್ನುವುದೂ ಸುಳ್ಳೇ! ನಾನು ಹಲ್ಲು ಕಚ್ಚಿಕೊಂಡೆ. ಜಯ ಓದಿದಳು. ತನ್ನ ಹೆಸರು, ವಯಸ್ಸು, ವಿಷಯಗಳು. ಧ್ವನಿ ಮೆಲ್ಲಗಿತ್ತು, ಆದರೆ ಒಂದು ಸಾಲೂ ಬಿಡಲಿಲ್ಲ.

"ಬಾಟ್ನಿ ಅಂದ್ರೆ ಏನವ್ವ?"

"ಗಿಡಮರದ ಶಾಸ್ತ್ರ."

"ಕಬ್ಬೂ ಬತ್ತದಾ ಅದ್ರಲ್ಲಿ?"

"ಬರುತ್ತೆ. ಕಬ್ಬು ಹುಲ್ಲಿನ ಜಾತಿ" ಅಂದಳು ಜಯ. ಅವಳ ಧ್ವನಿ ಆಗ ಗಟ್ಟಿಯಾಯಿತು. ಗಿಣ್ಣಿನಿಂದ ಹೇಗೆ ಚಿಗುರುತ್ತದೆ, ಸಿಹಿ ಎಲ್ಲಿ ಕೂಡಿಕೊಳ್ಳುತ್ತದೆ ಎಂದು ನಾಲ್ಕು ಮಾತು ಹೇಳಿದಳು. ಹಮಾಲಿಗಳು ಮೂಟೆ ಇಳಿಸುವುದನ್ನು ಬಿಟ್ಟು ಕೇಳುತ್ತಾ ನಿಂತರು.

"ಉಲ್ಲಾ! ಮೂರು ತಲೆಮಾರಿಂದ ಉಲ್ಲು ಮಾರ್ಕೊಂಡು ಬದುಕಿದ್ದೀವಿ ಅನ್ನು" ಎಂದು ಅವರು ನಕ್ಕರು. "ಇದೆಲ್ಲಾ ಓದ್ಬುಟ್ಟು ಏನ್ ಮಾಡೀಯೆ?"

"ಪಾಠ ಹೇಳ್ತೀನಿ."

ಅವರು ಲೆಕ್ಕದ ಪುಸ್ತಕದ ಮೇಲಿದ್ದ ಪೆನ್ನು ತೆಗೆದುಕೊಂಡು, ಫಾರಂ ಅನ್ನು ಹಲಗೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಸಹಿ ಹಾಕಿದರು. ಎರಡು ಸುತ್ತು, ಒಂದು ಉದ್ದ ಬಾಲ. ಓದಿದರೆ ಬ್ರಹ್ಮನಿಗೂ ಹೆಸರು ತಿಳಿಯದು. ಇಬ್ಬರ ಕೈಗೂ ಒಂದೊಂದು ತುಂಡು ಬೆಲ್ಲ ಕೊಟ್ಟು, "ಬಿಸ್ಲು ಏರ್ತಾ ಅದೆ. ಉಸಾರಾಗಿ ಓಗಿ" ಅಂದರು. ನಾವು ಹೊರಗೆ ಬಂದಾಗ ಮೆಹರ್, ಲಲಿತ ಬೀದಿಯ ತಿರುವಿನಲ್ಲಿ ಬರುತ್ತಿದ್ದರು. ದೂರದಲ್ಲಿ ಗಡಿಯಾರ ಹನ್ನೆರಡು ಹೊಡೆಯಲು ಶುರುಮಾಡಿತು.

"ಹೆಂಗಿದಾರೇ?" ಎಂದು ಲಲಿತ ಕುಣಿದಳು. "ಚೆನ್ನಾಗಿದ್ದಾರೆ. ಸಹಿ ಹಾಕಿದ್ರು" ಅಂದಳು ಜಯ. ಅಷ್ಟೇ. ಸೈಕಲ್ ಅಂಗಡಿಯಿಂದ ಮನೆಯ ತನಕ ನಡೆದು ಬರುವಾಗ ನಾವಿಬ್ಬರೇ ಇದ್ದೆವು. ಎರಡನೇ ಸಂಬಂಧವೇ ಇರಬೇಕು, ಮೋಸ ಮಾಡಿದ್ದಾರೆ, ಇವತ್ತೇ ನಿನ್ನಪ್ಪನಿಗೆ ಹೇಳುತ್ತೇನೆ ಎಂದು ನಾನು ಕೂಗಾಡಿದೆ. ಜಯ ನಡುರಸ್ತೆಯಲ್ಲಿ ನಿಂತುಬಿಟ್ಟಳು.

"ಬಾಯಿ ಬಿಟ್ರೆ ನನ್ನಾಣೆ ನಾಗು. ಮದುವೆ ನಿಂತ್ರೆ ಇನ್ನೊಬ್ಬನ್ನ ತರ್ತಾರೆ. ಅವನು ಇಪ್ಪತ್ತಾರರವನೇ ಇರಬಹುದು. ಆದ್ರೆ ಫಾರಂ ಓದು ಅಂತ ನನ್ನ ಕೈಗೆ ಕೊಡ್ತಾನಾ? ಕಬ್ಬಿನ ವಿಷಯ ಕೇಳ್ತಾನಾ?" ಸ್ವಲ್ಪ ಹೊತ್ತು ಬಿಟ್ಟು, "ಪರವಾಗಿಲ್ಲ ಕಣೇ. ಕೂದಲು ಇಲ್ದಿದ್ರೆ ಏನು" ಅಂದಳು. ಅವಳ ಕಣ್ಣು ತುಂಬಿತ್ತು. ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಬೀದಿ ಎಂದು ಸುಮ್ಮನಾದೆ.

ಆಮೇಲಿನ ಐದು ದಿನ ನಾನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಚಪ್ಪರ ಹಾಕಿದರು, ಅರಿಶಿನ ಹಚ್ಚಿದರು, ಬಳೆ ತೊಡಿಸಿದರು. ಹೆಂಗಸರು ಗಂಡಿನ ಹೆಸರು ಹಿಡಿದು ಹಾಡಿ ಛೇಡಿಸಿದಾಗಲೆಲ್ಲ ಜಯ ನಗುತ್ತಿದ್ದಳು, ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಎರಡು ಸಲ ಪುಟ್ಟೇಗೌಡರ ಮುಂದೆ ಹೋಗಿ ನಿಂತೆ. "ಏನಮ್ಮ?" ಅಂದಾಗ, "ನೀರು ಬೇಕಾ ಅಂತ ಕೇಳಕ್ಕೆ ಬಂದೆ" ಅಂದೆ. ಆಣೆಗೆ ಹೆದರಿದೆನೋ, ನಾನೇ ಎಳೆದುಕೊಂಡು ಹೋದವಳು ಎಂದು ಹೆದರಿದೆನೋ, ಇವತ್ತಿಗೂ ಗೊತ್ತಿಲ್ಲ. ಫಾರಂ ಧಾರೆ ಸೀರೆಯ ಮಡಿಕೆಯೊಳಗೆ ಕೂತಿತ್ತು.

ಧಾರೆಯ ದಿನ ನಾನು ಕಳಸ ಹಿಡಿದು ಜಯಳ ಪಕ್ಕದಲ್ಲೇ ನಿಂತಿದ್ದೆ. ನಡುವೆ ಅಂತರಪಟ. ಆಚೆ ಬದಿಯಲ್ಲಿ ನಿಂತವರ ಪಾದ ಮಾತ್ರ ಕಾಣುತ್ತಿತ್ತು. ನಾನು ಅಭ್ಯಾಸಬಲದಿಂದ ಬಗ್ಗಿ ಎಡಗಾಲು ನೋಡಿದೆ. ಅರಿಶಿನ ಮೆತ್ತಿದ ಉಗುರು, ಅಚ್ಚ ಹಳದಿ. ಏನೋ ಎಡವಟ್ಟಾಗಿದೆ ಎಂದು ಹೊಳೆಯುವಷ್ಟರಲ್ಲಿ ವಾಲಗ ಜೋರಾಯಿತು, ಪಟ ಸರಿಯಿತು.

ಎದುರಿಗೆ ಕನ್ನಡಕ ಹಾಕಿದ, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ಒಬ್ಬ ಹುಡುಗ ನಿಂತಿದ್ದ. ಜೀರಿಗೆ ಬೆಲ್ಲ ಹಿಡಿದು ಕಾಯುತ್ತಿದ್ದ. ಜಯಳ ಕೈ ಗಾಳಿಯಲ್ಲೇ ನಿಂತುಹೋಯಿತು. "ಆಕವ್ವ, ತಲೆ ಮೇಲಾಕು, ನಾಚ್ಕೊಂಡಿದ್ದು ಸಾಕು" ಎಂದು ಹೆಂಗಸರು ನಕ್ಕರು. ಜಯ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಬದುಕಿಕೊಂಡೆ ಅನ್ನುವ ಸಮಾಧಾನ ಒಂದು ಗಳಿಗೆ ಬಂತು, ಮರುಗಳಿಗೆಯೇ ಮುಖ ಸುಣ್ಣವಾಯಿತು. ಇವನು ಗಂಡನಾದರೆ ಫಾರಂಗೆ ಸಹಿ ಹಾಕಿದವರು ಯಾರು?

ಅಷ್ಟರಲ್ಲಿ ಗಂಡಿನ ಕಡೆಯವರ ನಡುವಿನಿಂದ ಯಾರೋ ಕೆಮ್ಮಿದರು. ವಾಲಗದವರು ತಟಕ್ಕನೆ ನಿಲ್ಲಿಸಿದರು. ಜರಿಪೇಟ ಸುತ್ತಿ, ಹೊಸ ಪಂಚೆ ಉಟ್ಟು ನಮ್ಮ "ಗಂಡು" ನಿಂತಿದ್ದರು. "ದೊಡ್ಡಗೌಡ್ರೇ, ಅಕ್ಷತೆಗೆ ಹೇಳ್ಲಾ?" ಎಂದು ಪುರೋಹಿತರು ಕೇಳುತ್ತಿದ್ದರು. ನನ್ನ ಕೈಯ ಕಳಸ ಜಾರಿ ಅರ್ಧ ನೀರು ನನ್ನ ಮೇಲೇ ಚೆಲ್ಲಿತು. ಅವರ ಹಿಂದೆ ನಿಂತಿದ್ದ ಮಂಡಿಯ ತಕ್ಕಡಿಯವನು, ಹಮಾಲಿಗಳು ಎಲ್ಲರ ಕಾಲನ್ನೂ ನಾನು ಒಂದು ಸುತ್ತು ನೋಡಿದೆ. ಒಂದಲ್ಲ ಒಂದು ಹೆಬ್ಬೆರಳು ಎಲ್ಲರದೂ ಕಪ್ಪೇ. ಕಬ್ಬಿಣದ ತೂಕದ ಬಟ್ಟು ಬೀಳದ ಕಾಲು ಮಂಡಿಯಲ್ಲಿ ಇರುವುದಿಲ್ಲ ಎಂದು ನನಗೇನು ಗೊತ್ತು? ಲೆಕ್ಕ ಬರೆಯುವ ಶಿವಣ್ಣನೊಬ್ಬನ ಕಾಲು ಮಾತ್ರ ಬಚಾವಾಗಿತ್ತು. ನೋಡುವ ಶಾಸ್ತ್ರದ ದಿನ ನಡುಕುರ್ಚಿಯಲ್ಲಿ ಕೂತಿದ್ದವರು ಮನೆಯ ಯಜಮಾನರು. ನಾವು ಮಂಡಿಗೆ ಹೋದ ದಿನ ಜಟಕಾ ಹತ್ತಿ ಹೋದವರು ಯಾರೋ ಗಿರಾಕಿ; ಶಿವಣ್ಣ ಇನ್ನೂ ಮಂಡಿಗೆ ಬಂದೇ ಇರಲಿಲ್ಲ.

ಹಿರಿಯರಿಗೆ ನಮಸ್ಕಾರ ಮಾಡುವ ಹೊತ್ತು ಬಂತು. ಜಯಳ ಸೆರಗು ಹಿಡಿದು ನಾನೂ ಹಿಂದೆ ಹೋಗಬೇಕಾಯಿತು. ಯಾರ ಹೆಸರು ಹೇಳಿದರೆ ಮನೆ ನಡುಗುತ್ತದೋ ಅವರನ್ನೇ ಮುದಿ ಗೂಬೆ ಅಂದಿದ್ದೆ. ಇಷ್ಟು ಜನರ ಮುಂದೆ ಒಂದು ಮಾತು ಅವರ ಬಾಯಿಂದ ಬಂದರೆ ಜಯಳ ಮಾನವೂ ಹೋಯಿತು, ಓದೂ ಹೋಯಿತು. ಓಡಿಹೋಗೋಣ ಅಂದರೆ ಸೆರಗು ನನ್ನ ಕೈಯಲ್ಲಿತ್ತು.

ಜಯ ಬಗ್ಗಿದಳು. ಆ ಕಪ್ಪು ಉಗುರಿನ ಮೇಲೆ ಅವಳ ಹಣೆ ಮುಟ್ಟಿತು. ಗಂಡ ಎದ್ದರೂ ಅವಳು ಏಳಲಿಲ್ಲ. ದೊಡ್ಡಗೌಡರು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟು, ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಏಳವ್ವ. ಫಾರಂ ಕೊಟ್ಯಾ ಕಾಲೇಜ್ಗೆ?" ಅಂದರು.

"ಜೂನ್‌ನಲ್ಲಿ" ಅಂದಳು ಜಯ. ಅಳುವಿನಲ್ಲಿ ಅದು ಸರಿಯಾಗಿ ಹೊರಡಲಿಲ್ಲ.

"ಮರೀಬೇಡ. ಬೆವ್ರಲ್ಲಿ ನೆನ್ದಿತ್ತು, ಒಣ್ಗಿಸ್ಕೊಂಡು ಕೊಡು."

ಆಮೇಲೆ ನನ್ನ ಕಡೆ ನೋಡಿದರು. ಮುಖದಲ್ಲಿ ನಗು ಇರಲಿಲ್ಲ. "ಅಲ್ಲ ಕಣವ್ವ, ನಿಮ್ ಕಾಲೇಜ್ನೋರು ಮುದಿ ಗೂಬೆ ಸಹಿ ಒಪ್ತಾರಾ?"

ಸೆರಗು ಬಿಟ್ಟು ನಾನೂ ಬಗ್ಗಿ ಆ ಕಾಲು ಹಿಡಿದುಕೊಂಡೆ.